ಬಗಲಲ್ಲಿ ತಮ್ಮ, ಗೋಡೆಯಾಚೆ ಶಾಲೆ

ಪುಣೆಯ ಪಶ್ಚಿಮಕ್ಕೆ, ವಾಕಡ್ ಹಿಂಜೆವಾಡಿ ಕಡೆ, ನಮ್ಮ ಮನೆಯ ಹಿಂದೆ ಒಂದು ಬಿಲ್ಡಿಂಗು ಏಳುತ್ತಿತ್ತು. ಹದಿನಾಲ್ಕನೇ ಮಾಳಿಗೆಗೆ ಸ್ಲ್ಯಾಬ್ ಬಿದ್ದಿತ್ತು. ಕೆಳಗೆ ಪತ್ರಾ ಹೊಡೆದ ಕಂಪೌಂಡಿನ ಒಳಗೆ ಸಾಲಾಗಿ ಶೆಡ್ಡುಗಳು. ಬೆಳಗಿನ ಜಾವ ಅಲ್ಲಿಂದ ಜೋಳದ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು. ಒಂಬತ್ತರ ಹೊತ್ತಿಗೆ ದೊಡ್ಡವರೆಲ್ಲ ಮೇಲೆ ಹತ್ತಿಬಿಡುತ್ತಿದ್ದರು. ಕೆಳಗೆ ಉಳಿಯುತ್ತಿದ್ದುದು ನಾಯಿಗಳು, ನೀರಿನ ಡ್ರಮ್ಮುಗಳು, ಮತ್ತು ಬಗಲಲ್ಲಿ ಕೂಸು ಎತ್ತಿಕೊಂಡ ಹುಡುಗಿಯರು.

ಅವರಲ್ಲಿ ಒಬ್ಬಳನ್ನು ಮಾತಾಡಿಸಿದೆ. ಒಂಬತ್ತು ವರ್ಷ ಅಂತ ಅವಳೇ ಹೇಳಿದಳು. ಹತ್ತೂ ಇರಬಹುದು. ಯಾದಗಿರಿ ಕಡೆಯವಳು. ಬಗಲಲ್ಲಿ ಒಂದೂವರೆ ವರ್ಷದ ತಮ್ಮ, ಮೂಗು ಸೋರುತ್ತಿತ್ತು.

"ಸಾಲಿಗೆ ಹಚ್ಚಿಲ್ಲೇನವಾ ನಿನ್ನ?"

"ಹಚ್ಚ್ಯಾರ್ರಿ."

"ಎಲ್ಲಿ?"

"ಊರಾಗ್ರಿ."

ಅಷ್ಟರಲ್ಲಿ ಕಂಪೌಂಡಿನ ಆಚೆ ಇದ್ದ ಮರಾಠಿ ಶಾಲೆಯಲ್ಲಿ ಹತ್ತೂವರೆಯ ಗಂಟೆ ಹೊಡೆಯಿತು. ಅವಳು ಆ ಕಡೆ ನೋಡಲೂ ಇಲ್ಲ. ತಮ್ಮನನ್ನು ಎಡಬಗಲಿಂದ ಬಲಬಗಲಿಗೆ ಹಾಕಿಕೊಂಡಳು, ಅಷ್ಟೇ.

ಅವಳು ಸುಳ್ಳು ಹೇಳಿರಲಿಲ್ಲ. ಊರಿನ ಶಾಲೆಯ ಹಾಜರಿ ಪುಸ್ತಕದಲ್ಲಿ ಅವಳ ಹೆಸರು ನಿಜವಾಗಿಯೂ ಇತ್ತು. ಸರ್ಕಾರದ ಲೆಕ್ಕದಲ್ಲಿ ಅವಳು ಶಾಲೆಗೆ ಹೋಗುವ ಹುಡುಗಿ. "ನಮ್ಮ ದೇಶದಲ್ಲಿ ಹೆಣ್ಣುಮಕ್ಕಳು ಯಾಕೆ ಶಾಲೆಗೆ ಹೋಗೋದಿಲ್ಲ" ಅಂತ ಯಾರಾದರೂ ಕೇಳಿದರೆ ಬಡತನ, ಮೂಢನಂಬಿಕೆ, ಅಪ್ಪನ ಹಟ ಅಂತ ಪಟಪಟ ಉತ್ತರ ಕೊಡುತ್ತೇವೆ. ಅದೆಲ್ಲ ಸುಳ್ಳಲ್ಲ. ಆದರೆ ಈ ಹುಡುಗಿಯನ್ನು ಹಿಡಿದಿಟ್ಟಿದ್ದು ಅವ್ಯಾವೂ ಅಲ್ಲ. ಹನ್ನೊಂದು ಕಿಲೋ ತೂಗುವ ಒಂದು ಕೂಸು.

ಮೊದಲು ಅಂಕಿಗಳನ್ನು ನೋಡಿಬಿಡೋಣ. ಅವು ಚೆನ್ನಾಗಿಯೇ ಇವೆ, ತೊಡಕು ಇರುವುದೇ ಅಲ್ಲಿ.

ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಮಾಡುವ ಅಸರ್ ಸಮೀಕ್ಷೆಯ ಪ್ರಕಾರ, 11ರಿಂದ 14 ವರ್ಷದ ಹುಡುಗಿಯರಲ್ಲಿ ಶಾಲೆಯ ಹೊರಗೆ ಇದ್ದವರು 2006ರಲ್ಲಿ ಶೇ 10.3. 2018ಕ್ಕೆ ಅದು ಶೇ 4.1ಕ್ಕೆ ಇಳಿಯಿತು, 2022ಕ್ಕೆ ಶೇ 2ಕ್ಕೆ. ಹದಿನಾರು ವರ್ಷದಲ್ಲಿ ಇಷ್ಟು ಇಳಿದದ್ದು ಸಣ್ಣ ಮಾತಲ್ಲ. ನಮ್ಮ ಅಜ್ಜಿಯರ ಕಾಲಕ್ಕೆ ಹೋಲಿಸಿದರೆ ಇದು ಪವಾಡವೇ. ಹಾಗಾದರೆ ಸಮಸ್ಯೆ ಮುಗಿಯಿತು ಅಂತ ಅನ್ನಿಸುತ್ತೆ, ಅಲ್ವಾ?

ಇಲ್ಲಿ ಎರಡು ಸಂಗತಿ ಗಮನಿಸಬೇಕು. ಒಂದು, ಇದು ಹೆಸರು ಹಚ್ಚಿದ ಲೆಕ್ಕ. ಹೆಸರು ಹಚ್ಚುವುದು ಜೂನ್ ತಿಂಗಳಲ್ಲಿ ಒಂದು ದಿನದ ಕೆಲಸ. ಶಾಲೆಗೆ ಹೋಗುವುದು ವರ್ಷಕ್ಕೆ ಇನ್ನೂರು ಚಿಲ್ಲರೆ ದಿನಗಳ ಕೆಲಸ. ಎರಡು, ಮನೆಮನೆಗೆ ಹೋಗಿ ಎಣಿಸುವವರು ಬಂದಾಗ ಮನೆಗೆ ಬೀಗ ಬಿದ್ದಿದ್ದರೆ? ದೀಪಾವಳಿ ಆದಮೇಲೆ ಕಲಬುರಗಿ, ಯಾದಗಿರಿ, ರಾಯಚೂರು, ವಿಜಯಪುರದ ಕಡೆಯ ಎಷ್ಟೋ ತಾಂಡಾಗಳಲ್ಲಿ, ಓಣಿಗಳಲ್ಲಿ ಬೀಗ ಬಿದ್ದ ಮನೆಗಳೇ ಜಾಸ್ತಿ. ಗುಳೆ ಹೋದವರು. ಪುಣೆಯಲ್ಲಿ ಗೌಂಡಿ, ಬಿಗಾರಿ ಕೆಲಸ. ಗೋವಾದಲ್ಲಿ, ಮುಂಬಯಿಯಲ್ಲಿ ಇನ್ನೊಂದು. ಅವರ ಮಕ್ಕಳು ಊರಲ್ಲೂ ಸಿಗುವುದಿಲ್ಲ, ಇಲ್ಲಿಯೂ ಎಣಿಕೆಗೆ ಬರುವುದಿಲ್ಲ.

ಇನ್ನೊಂದು ತಮಾಷೆ ನೋಡಿ. ಮಗು "ಶಾಲೆ ಬಿಟ್ಟಿದೆ" ಅಂತ ಯಾವಾಗ ಹೇಳಬೇಕು? ಕರ್ನಾಟಕದ ನಿಯಮದಂತೆ ಹೇಳದೆ ಕೇಳದೆ ಏಳು ದಿನ ಬರದಿದ್ದರೆ ಸಾಕು, ಆ ಮಗು ಶಾಲೆಯ ಹೊರಗೆ. ಮಹಾರಾಷ್ಟ್ರದಲ್ಲಿ ಒಂದು ತಿಂಗಳು ಕಾಯುತ್ತಾರೆ. ಅಂದರೆ ಹತ್ತು ದಿನ ತಪ್ಪಿಸಿದ ಹುಡುಗಿ ಕರ್ನಾಟಕದಲ್ಲಿ ಶಾಲೆ ಬಿಟ್ಟವಳು, ಗಡಿ ದಾಟಿದರೆ ಶಾಲೆಯಲ್ಲಿ ಇರುವವಳು. ಹುಡುಗಿ ಮಾತ್ರ ಎರಡೂ ಕಡೆ ಒಬ್ಬಳೇ.

ಹೊತ್ತಿನ ಲೆಕ್ಕ

ಆ ಹುಡುಗಿಯ ಒಂದು ದಿನವನ್ನು ನಾನು ಆಮೇಲೆ ಕೂತು ಬರೆದುಕೊಂಡೆ. ಐದೂವರೆಗೆ ಏಳುತ್ತಾಳೆ, ಯಾಕೆಂದರೆ ಟ್ಯಾಂಕರ್ ನೀರು ಆರಕ್ಕೆ ಬರುತ್ತೆ. ನಾಲ್ಕು ಕೊಡ, ಎರಡು ಬಕೆಟ್. ಅವ್ವ ರೊಟ್ಟಿ ಬಡಿಯುವಾಗ ಇವಳು ಕಸ ಹೊಡೆಯುತ್ತಾಳೆ, ಮುಸುರೆ ತಿಕ್ಕುತ್ತಾಳೆ. ಒಂಬತ್ತಕ್ಕೆ ಅವ್ವ ಅಪ್ಪ ಕೆಲಸಕ್ಕೆ. ಆಮೇಲೆ ಕೂಸು. ಅದಕ್ಕೆ ತಿನ್ನಿಸೋದು, ತೊಳಿಯೋದು, ಸೀರೆಯ ಜೋಳಿಗೆಯಲ್ಲಿ ಹಾಕಿ ತೂಗೋದು. ಅದು ಮಲಗಿದಾಗ ಬಟ್ಟೆ ಒಗೆಯೋದು. ಒಂದು ಗಂಟೆಗೆ ಅವ್ವ ಇಳಿದು ಬಂದು ಮೊಲೆಯೂಡಿಸಿ ಮತ್ತೆ ಹತ್ತುತ್ತಾಳೆ. ಸಂಜೆ ಆರಕ್ಕೆ ಅವ್ವ ಬಂದಾಗ ಇವಳು ಅನ್ನಕ್ಕೆ ಇಟ್ಟಿರುತ್ತಾಳೆ. ಅವಳ ಹೊತ್ತೆಲ್ಲ ತಮ್ಮನನ್ನು ಹೊತ್ತೇ ಹೋಗುತ್ತೆ.

ಇದರಲ್ಲಿ ಶಾಲೆಗೆ ಜಾಗ ಎಲ್ಲಿ ಮಾಡುವುದು? ಹತ್ತೂವರೆಯಿಂದ ಐದು ಅಂದರೆ ಸರಿಯಾಗಿ ಕೂಸು ಎಚ್ಚರ ಇರುವ ಹೊತ್ತು.

ಈಗ ಅವಳ ಅವ್ವನ ಜಾಗದಲ್ಲಿ ನಿಂತು ಲೆಕ್ಕ ಹಾಕಿ. ಅವ್ವನ ಪಗಾರ ದಿನಕ್ಕೆ 500. ಮಗಳು ಶಾಲೆಗೆ ಹೋದರೆ ಅವ್ವ ಶೆಡ್ಡಿನಲ್ಲಿ ಕೂರಬೇಕು, 500 ಹೋಯಿತು. ಶಾಲೆ ಪುಕ್ಕಟೆ ಅನ್ನುತ್ತೇವೆ. ಫೀಸಿಲ್ಲ, ಪುಸ್ತಕ ಕೊಡುತ್ತಾರೆ, ಊಟ ಕೊಡುತ್ತಾರೆ. ಆದರೆ ಈ ಮನೆಗೆ ಆ ಪುಕ್ಕಟೆ ಶಾಲೆ ದಿನಕ್ಕೆ 500 ರೂಪಾಯಿ ಬೀಳುತ್ತೆ. ತಿಂಗಳಿಗೆ ಇಪ್ಪತ್ತೈದು ದಿನ ಕೆಲಸ ಅಂದರೂ ಹನ್ನೆರಡೂವರೆ ಸಾವಿರ. ನನ್ನ ಪರಿಚಯದ ಎಷ್ಟೋ ಮನೆಗಳಲ್ಲಿ ಇಂಗ್ಲಿಷ್ ಮೀಡಿಯಂ ಶಾಲೆಗೂ ಇಷ್ಟು ಕಟ್ಟುವುದಿಲ್ಲ. ಓದಿದ್ದರ ಲಾಭ ಬರುವುದು ಯಾವಾಗ? ಹತ್ತು ವರ್ಷ ಆದಮೇಲೆ. ಬರುವುದು ಯಾರಿಗೆ? ಗಂಡನ ಮನೆಗೆ. ಇದು ಅಜ್ಞಾನ ಅಲ್ಲ, ಗಣಿತ. ಕೆಟ್ಟ ಗಣಿತ ಅನ್ನಿ, ಆದರೆ ಲೆಕ್ಕ ತಪ್ಪಿಲ್ಲ.

ಇದೇ ಮನೆಯಲ್ಲಿ ಒಂಬತ್ತು ವರ್ಷದ ಮಗ ಇದ್ದಿದ್ದರೆ? ಅವನ ಹೊತ್ತಿಗೆ ಮನೆಯಲ್ಲಿ ಅಷ್ಟು ಬೇಡಿಕೆ ಇಲ್ಲ. ಹುಡುಗನ ಕೈಗೆ ಕೂಸು ಕೊಟ್ಟು ಹೋಗುವುದು ಯಾರಿಗೂ ಹೊಳೆಯುವುದೇ ಇಲ್ಲ. 2019ರಲ್ಲಿ ಸರ್ಕಾರವೇ ದೇಶಾದ್ಯಂತ ಜನ ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆ ಅಂತ ಸಮೀಕ್ಷೆ ಮಾಡಿತು. ಸಂಬಳ ಇಲ್ಲದ ಮನೆಗೆಲಸ ಮಾಡುವವರಲ್ಲಿ ಹೆಂಗಸರು ಆಗ ದಿನಕ್ಕೆ 299 ನಿಮಿಷ ಅದಕ್ಕೆ ಕೊಡುತ್ತಿದ್ದರು, ಗಂಡಸರು 97 ನಿಮಿಷ. ಈ ಲೆಕ್ಕ ಶುರುವಾಗುವುದು ಆರು ವರ್ಷ ವಯಸ್ಸಿನಿಂದ. ಒಂದನೇ ತರಗತಿಯ ವಯಸ್ಸಿಂದ!

ಕಾನೂನಿಗೆ ಈ ಕೆಲಸ ಕಾಣುವುದಿಲ್ಲ. ಬಾಲಕಾರ್ಮಿಕ ಕಾನೂನಿಗೆ 2016ರಲ್ಲಿ ತಿದ್ದುಪಡಿ ಬಂದು, 14ರ ಒಳಗಿನ ಮಕ್ಕಳನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ ಅಂತಾಯಿತು. ಶಾಲೆ ಬಿಟ್ಟಮೇಲೆ ಮನೆಯವರ ಕಸುಬಿಗೆ ಕೈಜೋಡಿಸಬಹುದು ಅನ್ನುವ ವಿನಾಯಿತಿ ಒಂದಿದೆ. ರಾಯಚೂರು ಕಡೆ ಹತ್ತಿ ಬೀಜದ ಹೊಲದಲ್ಲಿ ಹೂವಿಗೆ ಹೂವು ತಾಗಿಸುವ ಕ್ರಾಸಿಂಗ್ ಕೆಲಸಕ್ಕೆ ಹೋದ ಹುಡುಗಿಯನ್ನು ಇನ್ಸ್‌ಪೆಕ್ಟರು ಹಿಡಿಯಬಹುದು. ಅಲ್ಲಿ ಕೂಲಿ ಇದೆ, ಮಾಲೀಕ ಇದ್ದಾನೆ. ತಮ್ಮನನ್ನು ತೂಗುವ ಹುಡುಗಿಗೆ ಮಾಲೀಕ ಯಾರು? ನಾವು ಅವಳನ್ನು ನೋಡಿ "ಎಷ್ಟು ಜವಾಬ್ದಾರಿ ನೋಡು ಈ ವಯಸ್ಸಿಗೇ" ಅಂತ ಹೊಗಳುತ್ತೇವೆ. ನಾನೂ ಹೊಗಳಿದ್ದೆ. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತೆ.

ಇನ್ನು ಇದರ ನಡುಬಿಂದುವಿಗೆ ಬರುತ್ತೇನೆ. ಶಿಕ್ಷಣ ಹಕ್ಕು ಕಾನೂನು ಬಂದಿದ್ದು 2009ರಲ್ಲಿ, ಜಾರಿಯಾಗಿದ್ದು 2010ರ ಏಪ್ರಿಲ್ 1ಕ್ಕೆ. 6ರಿಂದ 14 ವರ್ಷದ ಪ್ರತಿ ಮಗುವಿಗೂ ಶಾಲೆ ಹಕ್ಕು. ಆರು ವರ್ಷದ ಕೆಳಗಿನ ಮಕ್ಕಳ ಬಗ್ಗೆ ಅದೇ ಕಾನೂನು ಏನು ಹೇಳುತ್ತೆ? ಮೂರು ದಾಟಿದ ಮಕ್ಕಳಿಗೆ ಸರ್ಕಾರ ವ್ಯವಸ್ಥೆ "ಮಾಡಬಹುದು" ಅನ್ನುತ್ತೆ. "ಮಾಡಲೇಬೇಕು" ಅಲ್ಲ. ಅಂದರೆ ಅಕ್ಕನಿಗೆ ಹಕ್ಕು ಕೊಟ್ಟರು, ಬಗಲಲ್ಲಿರುವ ತಮ್ಮನನ್ನು ಮರೆತರು. ತಮ್ಮನಿಗೆ ಜಾಗ ಇಲ್ಲದೆ ಅಕ್ಕನ ಹಕ್ಕು ನಡೆಯುವುದಿಲ್ಲ.

ಅಂಗನವಾಡಿ ಇದೆಯಲ್ಲ ಅನ್ನಬಹುದು. ಅಲ್ಲಿ ಕೂರಿಸಿ ಕಲಿಸುವುದು 3ರಿಂದ 6 ವರ್ಷದ ಮಕ್ಕಳನ್ನು. ಒಂದೂವರೆ ವರ್ಷದ, ಇನ್ನೂ ಮೊಲೆ ಬಿಡದ ಕೂಸನ್ನು ಬೆಳಿಗ್ಗೆಯಿಂದ ಸಂಜೆಯವರೆಗೆ ಇಟ್ಟುಕೊಳ್ಳುವ ಜಾಗ ಅದಲ್ಲ. ಬೇಕಾಗಿರುವುದು ಕೂಸು ನೋಡುವ ಮನೆ, ಅಂದರೆ ಕ್ರೆಶ್. ಇದೇನು ಹೊಸ ಆಲೋಚನೆ ಅಲ್ಲ. ಕಟ್ಟಡ ಕಾರ್ಮಿಕರಿಗಾಗಿ ಬಂದ 1996ರ ಕಾನೂನೇ ಇದನ್ನು ಬರೆಯಿತು: ಐವತ್ತಕ್ಕಿಂತ ಜಾಸ್ತಿ ಹೆಂಗಸರು ದುಡಿಯುವ ಕಡೆ ಆರು ವರ್ಷದೊಳಗಿನ ಮಕ್ಕಳಿಗೆ ಕೋಣೆ ಇರಬೇಕು, ನೋಡಿಕೊಳ್ಳಲು ತರಬೇತಾದ ಹೆಂಗಸರು ಇರಬೇಕು ಅಂತ. ಐವತ್ತಕ್ಕಿಂತ ಜಾಸ್ತಿ! ನಮ್ಮ ಹಿಂದಿನ ಸೈಟಿನಲ್ಲಿ ಹೆಂಗಸರು ಮೂವತ್ತು ಇದ್ದರೆ ಹೆಚ್ಚು. ಅವರೂ ಒಬ್ಬ ಠೇಕೇದಾರನ ಕೈಕೆಳಗಿರಲಿಲ್ಲ. ಪ್ಲಾಸ್ಟರಿಂಗ್ ಒಬ್ಬನದು, ಟೈಲ್ಸ್ ಇನ್ನೊಬ್ಬನದು, ಸೆಂಟ್ರಿಂಗ್ ಮತ್ತೊಬ್ಬನದು. ಯಾರ ಪಟ್ಟಿಯಲ್ಲೂ ಐವತ್ತು ಆಗುತ್ತಿರಲಿಲ್ಲ.

ಇದಕ್ಕೆ ಹೋಲಿಸಿದರೆ ಉದ್ಯೋಗ ಖಾತ್ರಿಯ 2005ರ ಕಾನೂನು ಎಷ್ಟೋ ವಾಸಿಯಾಗಿತ್ತು. ಕೆಲಸದ ಜಾಗಕ್ಕೆ ಆರು ವರ್ಷದೊಳಗಿನ ಐದು ಮಕ್ಕಳು ಬಂದರೆ ಸಾಕು, ಅವರನ್ನು ನೋಡಿಕೊಳ್ಳಲು ಒಬ್ಬ ಹೆಂಗಸನ್ನು ಕೂರಿಸಬೇಕು, ಅವಳಿಗೂ ಕೂಲಿ ಕೊಡಬೇಕು ಅಂತ ಅದು ಬರೆಯಿತು. ಅಲ್ಲಿ ಐದು ಮಕ್ಕಳು, ಇಲ್ಲಿ ಐವತ್ತು ಹೆಂಗಸರು. ಕರ್ನಾಟಕ 2023ರಲ್ಲಿ ಇದನ್ನೇ ಮುಂದುವರಿಸಿ "ಕೂಸಿನ ಮನೆ" ಯೋಜನೆ ತಂದಿತು, ನಾಲ್ಕು ಸಾವಿರ ಗ್ರಾಮ ಪಂಚಾಯ್ತಿಗಳಲ್ಲಿ ಪುಟ್ಟ ಮಕ್ಕಳಿಗೆ ಜಾಗ ಅಂತ. ಇದನ್ನು ಜನ ಕೂಸಿನ ಯೋಜನೆ ಅಂತ ನೋಡುತ್ತಾರೆ. ನನ್ನ ಕಣ್ಣಿಗೆ ಅದು ಅಕ್ಕನ ಯೋಜನೆ. ಸಾವಿರ ಭಾಷಣಕ್ಕಿಂತ ಅದರಿಂದ ಹೆಚ್ಚು ಹುಡುಗಿಯರು ಶಾಲೆಗೆ ಬಂದಾರು.

ಕಾಗದ, ರಸ್ತೆ, ಮಾತು

ಕೂಸಿನ ವ್ಯವಸ್ಥೆ ಆಯಿತು ಅಂತಲೇ ಇಟ್ಟುಕೊಳ್ಳಿ. ಮುಂದೆ ಕಾಗದ.

ಒಂದು ಸಲ ಇಂಥದೇ ಇನ್ನೊಬ್ಬ ಹುಡುಗಿಯನ್ನು ಕರೆದುಕೊಂಡು ಒಂದು ಶಾಲೆಗೆ ಹೋಗಿದ್ದೆ. ಯಾವ ಶಾಲೆ ಅನ್ನುವುದು ಬೇಡ. ಮೇಜಿನ ಹಿಂದೆ ಕೂತವರು ಕೇಳಿದ್ದು ನಾಲ್ಕು: ದಾಖಲಾ, ಜನ್ಮದಾಖಲೆ, ಆಧಾರ್, ಇಲ್ಲಿನ ವಿಳಾಸ. ದಾಖಲಾ ಅಂದರೆ ನಮ್ಮ ಟಿ.ಸಿ. ಅದು ನೂರಾರು ಕಿಲೋಮೀಟರ್ ಆಚೆ ಊರ ಶಾಲೆಯ ಕಪಾಟಿನಲ್ಲಿತ್ತು. ವಿಳಾಸ ಅಂದರೆ ಏನು ಬರೆಯುವುದು, "ಬಿ ವಿಂಗಿನ ಕೆಳಗೆ, ಸಿಮೆಂಟ್ ಗೋದಾಮಿನ ಪಕ್ಕ" ಅಂತಲಾ? "ಮುಂದಿನ ಜೂನಿಗೆ ಬನ್ನಿ" ಅಂದರು. ಮುಂದಿನ ಜೂನಿಗೆ ಆ ಕುಟುಂಬ ಎಲ್ಲಿರುತ್ತೋ ಯಾರಿಗೆ ಗೊತ್ತು?

ಆವತ್ತು ನನಗೆ ಶಿಕ್ಷಣ ಹಕ್ಕು ಕಾನೂನು ಗೊತ್ತಿರಲಿಲ್ಲ, ಸುಮ್ನೆ ತಲೆ ತಗ್ಗಿಸಿ ಬಂದೆ. ಆಮೇಲೆ ಓದಿ ತಿಳಿದದ್ದು ಇಷ್ಟು. ಟಿ.ಸಿ. ತಡವಾಯಿತು ಅಂತ ಸೇರಿಸಿಕೊಳ್ಳದೆ ಇರುವಂತಿಲ್ಲ, ಅದು 5ನೇ ಸೆಕ್ಷನ್. ವಯಸ್ಸಿನ ದಾಖಲೆ ಇಲ್ಲ ಅಂತ ವಾಪಸ್ ಕಳಿಸುವಂತಿಲ್ಲ, ಅದು 14ನೇದು. ವರ್ಷದ ನಡುವೆ ಬಂದರೂ ಸೇರಿಸಿಕೊಳ್ಳಬೇಕು, 15ನೇದು. ಒಂಬತ್ತು ವರ್ಷದವಳಿಗೆ ಅಕ್ಷರ ಬರದಿದ್ದರೂ ಒಂದನೇ ತರಗತಿಯಲ್ಲಿ ಪುಟ್ಟವರ ಜೊತೆ ಕೂರಿಸದೆ, ಅವಳ ವಯಸ್ಸಿನ ತರಗತಿಗೇ ಹಾಕಿ ಬೇರೆಯಾಗಿ ಪಾಠ ಹೇಳಿಕೊಡಬೇಕು, 4ನೇದು. ವಲಸೆ ಬಂದವರ ಮಕ್ಕಳನ್ನು ಸೇರಿಸುವ ಹೊಣೆ ಸ್ಥಳೀಯ ಆಡಳಿತದ್ದು ಅಂತ 9ನೇ ಸೆಕ್ಷನ್ನು ಬಾಯಿಬಿಟ್ಟು ಹೇಳುತ್ತೆ. ಅಂದರೆ ಅವರು ಕೇಳಿದ ಕಾಗದಗಳಲ್ಲಿ ಒಂದೂ ಇಲ್ಲ ಅಂತ ಮಗುವನ್ನು ಹಿಂದೆ ಕಳಿಸುವಂತಿರಲಿಲ್ಲ.

ಮೇಜಿನ ಹಿಂದಿನವರು ಕೆಟ್ಟವರಲ್ಲ. ಅವರ ಕಷ್ಟ ಕಂಪ್ಯೂಟರಿನದು. ಕರ್ನಾಟಕದ ಮಕ್ಕಳು ಎಸ್.ಎ.ಟಿ.ಎಸ್. ಅನ್ನುವ ವ್ಯವಸ್ಥೆಯಲ್ಲಿ ಇರುತ್ತಾರೆ, ಮಹಾರಾಷ್ಟ್ರದವರು ಸರಲ್ ಅನ್ನುವುದರಲ್ಲಿ. ಒಂದರ ನಂಬರು ಇನ್ನೊಂದಕ್ಕೆ ಸುಲಭವಾಗಿ ಗುರುತು ಸಿಗುವುದಿಲ್ಲ. ಮಹಾರಾಷ್ಟ್ರ ಗುಳೆ ಹೋಗುವ ತನ್ನ ಮಕ್ಕಳಿಗೆ ಶಿಕ್ಷಣ ಹಮಿ, ಅಂದರೆ ಖಾತ್ರಿ, ಕಾರ್ಡ್ ಕೊಡುವ ಪದ್ಧತಿ ಮಾಡಿಕೊಂಡಿದೆ. ಆ ಕಾರ್ಡ್ ಇದ್ದರೆ ಹೋದ ಊರಿನ ಶಾಲೆ ಸೇರಿಸಿಕೊಳ್ಳಬೇಕು. ಬೀಡ್‌ನಿಂದ ಕಬ್ಬು ಕಡಿಯಲು ಬರುವವರಿಗೆ ಅದು ನೆರವಾಗುತ್ತೆ. ಯಾದಗಿರಿಯ ಹುಡುಗಿಯ ಕೈಯಲ್ಲಿ ಆ ಕಾರ್ಡ್ ಎಲ್ಲಿಂದ ಬರಬೇಕು?

ರಸ್ತೆಯದು ಇನ್ನೊಂದು ಕಥೆ. ಒಂದರಿಂದ ಐದನೇ ತರಗತಿಯ ಶಾಲೆ ಒಂದು ಕಿಲೋಮೀಟರ್ ಒಳಗೆ ಇರಬೇಕು ಅನ್ನುವುದು ನಿಯಮ. ಕಾಗದದ ಮೇಲೆ ಇರುತ್ತೆ. ಆದರೆ ನಮ್ಮ ಕಡೆಯ ಎಷ್ಟೋ ಸೈಟುಗಳಿಗೆ ಆ ಒಂದು ಕಿಲೋಮೀಟರಿನ ನಡುವೆ ಮುಂಬಯಿ ಬೆಂಗಳೂರು ಹೈವೇ ಹಾದುಹೋಗಿದೆ. ಎಂಟು ವರ್ಷದ ಮಗಳನ್ನು ಅದನ್ನು ದಾಟಿ ಹೋಗು ಅಂತ ಕಳಿಸುವ ಧೈರ್ಯ ನನಗಂತೂ ಇಲ್ಲ.  ಇನ್ನು ಶೌಚಾಲಯ, ಹುಡುಗಿಯರಿಗೆ ಬೇರೆಯೇ ಇರಬೇಕು ಅಂತ ಕಾನೂನಿದೆ, ಬಹಳ ಕಡೆ ಕಟ್ಟಿಯೂ ಇದ್ದಾರೆ. ನೀರು ಬರುತ್ತಾ, ಬೀಗದ ಕೈ ಯಾರ ಹತ್ತಿರ ಇರುತ್ತೆ ಅನ್ನುವುದನ್ನು ನೋಡಬೇಕು. ತಡವಾಗಿ ಸೇರಿದ ಹುಡುಗಿಗೆ ನಾಲ್ಕು ಐದನೇ ತರಗತಿಯಲ್ಲೇ ಮುಟ್ಟು ಶುರುವಾಗಿರುತ್ತೆ ಅನ್ನುವುದು ಎಷ್ಟೋ ಜನರಿಗೆ ಹೊಳೆಯುವುದಿಲ್ಲ.

ಮಾತಿನ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಇದು ಹೊರಗಿನಿಂದ ಕಾಣುವುದೇ ಇಲ್ಲ.

ವಿಜಯಪುರದ ತಾಂಡಾದಿಂದ ಬಂದ ಹುಡುಗಿಯನ್ನು ತೆಗೆದುಕೊಳ್ಳಿ. ಮನೆಯಲ್ಲಿ ಲಂಬಾಣಿ. ಊರ ಶಾಲೆಯಲ್ಲಿ ಕನ್ನಡ. ಸೈಟಿನಲ್ಲಿ ಹಿಂದಿ. ಇಲ್ಲಿನ ಶಾಲೆಯಲ್ಲಿ ಮರಾಠಿ. ಒಂಬತ್ತು ವರ್ಷಕ್ಕೆ ನಾಲ್ಕು ಭಾಷೆ! ದೊಡ್ಡ ಮನೆಯ ಮಗುವಾಗಿದ್ದರೆ ನೆಂಟರ ಮುಂದೆ ನಿಲ್ಲಿಸಿ ಮಾತಾಡಿಸುತ್ತಿದ್ದರು. ಇವಳನ್ನು "ಏನೂ ಬರಲ್ಲ" ಅಂತ ಹಿಂದಿನ ಬೆಂಚಿಗೆ ಹಾಕುತ್ತಾರೆ.

ಒಂದು ಭಾನುವಾರ ಶೆಡ್ಡಿನ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಿದ್ದೆ. ಇಲ್ಲಿನ ಶಾಲೆಯ ಪಾಠಕ್ಕೆ ಹೊಂದಲಿ ಅಂತ ಮರಾಠಿಯಲ್ಲೇ "ಪಂಚವೀಸ್" ಬರೆಯಿರಿ ಅಂದೆ. ಒಬ್ಬಳು 52 ಬರೆದಳು. ತಪ್ಪು ಅಂದೆ. ಅಳಿಸಿ ಮತ್ತೆ 52 ಬರೆದಳು. ಅವಳ ಕಿವಿಗೆ ಪಂಚ ಮೊದಲು ಬಿತ್ತು, ವೀಸ್ ಆಮೇಲೆ. ಐದು ಬರೆದಳು, ಎರಡು ಬರೆದಳು. ಕನ್ನಡದಲ್ಲಿ "ಇಪ್ಪತ್ತೈದು" ಅಂದರೆ ಇಪ್ಪತ್ತು ಮೊದಲು, ಐದು ಆಮೇಲೆ, ಬರೆಯುವ ಕ್ರಮವೂ ಅದೇ. ಮರಾಠಿಯಲ್ಲಿ ಬಾಯಿ ಹೇಳುವುದು ಒಂದು ಕ್ರಮ, ಕೈ ಬರೆಯುವುದು ಇನ್ನೊಂದು. ಅವಳಿಗೆ ಲೆಕ್ಕ ಬರುತ್ತಿತ್ತು. ಬರದೇ ಇದ್ದದ್ದು ಈ ತಿರುವು.

ಮರಾಠಿ ಮಕ್ಕಳಿಗೂ ಇದು ತೊಡಕೇ. ಇಲ್ಲೇ ಪುಣೆಯಲ್ಲಿರುವ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿ 2019ರಲ್ಲಿ ಎರಡನೇ ತರಗತಿಯ ಗಣಿತ ಪುಸ್ತಕದಲ್ಲಿ ಸಂಖ್ಯೆಗಳನ್ನು "ವೀಸ್ ಪಾಚ್" ಅನ್ನುವ ಹಾಗೆ, ನಮ್ಮ ದಕ್ಷಿಣದ ಭಾಷೆಗಳ ಧಾಟಿಯಲ್ಲಿ ಓದುವುದನ್ನೂ ಕೊಟ್ಟಾಗ ದೊಡ್ಡ ಗಲಾಟೆಯಾಯಿತು. ಮರಾಠಿಯ ಮಾನ ಹೋಯಿತು ಅಂದರು. ಮರಾಠಿಯ ಮಾನದ ವಿಚಾರ ನನಗೆ ಬೇಡ. ಆದರೆ 52 ಬರೆದ ಆ ಹುಡುಗಿ ಆ ಪುಸ್ತಕವನ್ನು ನೋಡಿದರೆ ಉಸ್ಸಪ್ಪಾ ಅನ್ನುತ್ತಿದ್ದಳು.

ಇಂಥ ಸಣ್ಣ ತಪ್ಪುಗಳು ಸೇರಿ ಏನಾಗುತ್ತೆ? ಹುಡುಗಿ ಓದಿನಲ್ಲಿ ಹಿಂದೆ ಬೀಳುತ್ತಾಳೆ. 2022ರ ಅದೇ ಅಸರ್ ಸಮೀಕ್ಷೆಯಲ್ಲಿ ಮೂರನೇ ತರಗತಿಯ ಮಕ್ಕಳಲ್ಲಿ ಎರಡನೇ ತರಗತಿಯ ಪಾಠ ಓದಬಲ್ಲವರು ಶೇ 20.5 ಮಾತ್ರ. ಊರು ಬಿಡದ ಮಕ್ಕಳೂ ಅದರಲ್ಲಿ ಸೇರಿದ್ದಾರೆ. ಓದು ಹತ್ತದ ಮಗಳನ್ನು ನೋಡಿ ಅವ್ವ ಅನ್ನುತ್ತಾಳೆ, "ಇಕಿಗಿ ತಲಿಗಿ ಹತ್ತಂಗಿಲ್ರಿ, ಮನ್ಯಾಗರ ಇರ್ಲಿ." ಅಲ್ಲಿಗೆ 500 ರೂಪಾಯಿಯ ಲೆಕ್ಕ ಇನ್ನೂ ಗಟ್ಟಿಯಾಯಿತು. ಮಗ ಹಿಂದೆ ಬಿದ್ದರೆ ಟ್ಯೂಷನ್ನಿಗೆ ಹಾಕುತ್ತಾರೆ, ಕೈ ಸ್ವಲ್ಪ ಆಡುತ್ತಿದ್ದರೆ ಪ್ರೈವೇಟ್ ಶಾಲೆಗೆ. ಮಗಳು ಹಿಂದೆ ಬಿದ್ದರೆ ಮನೆಗೆ.

ಮದುವೆ ವಿಷಯ ಒಂದೇ ಮಾತಲ್ಲಿ ಹೇಳಿ ಮುಗಿಸುತ್ತೇನೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ, 20ರಿಂದ 24ರ ವಯಸ್ಸಿನ ಹೆಂಗಸರಲ್ಲಿ 18 ತುಂಬುವ ಮೊದಲೇ ಮದುವೆಯಾದವರು ದೇಶದಲ್ಲಿ ಶೇ 23.3. ಪ್ರಾಥಮಿಕ ಶಾಲೆಯ ವಯಸ್ಸಿಗೆ ಇದು ನೇರ ತಟ್ಟುವುದಿಲ್ಲ. ಆದರೆ ಶೆಡ್ಡಿನಲ್ಲಿ ಹನ್ನೆರಡರ ಮಗಳನ್ನು ಒಬ್ಬಳನ್ನೇ ಬಿಟ್ಟು ಹೋಗುವ ಭಯ ಇದೆಯಲ್ಲ, ಆ ಭಯ ಮದುವೆಯ ಮಾತನ್ನು ಹತ್ತಿರ ತರುತ್ತೆ.

ನಮ್ಮವರ ಹೆಮ್ಮೆ, ಮತ್ತು ಒಂದು ರೂಪಾಯಿ

ಮುಂಬಯಿ ಕನ್ನಡಿಗರನ್ನು ಶಿಕ್ಷಣದ ಬಗ್ಗೆ ಕೇಳಿದರೆ ಕಣ್ಣು ಅರಳುತ್ತೆ. ರಾತ್ರಿ ಶಾಲೆಗಳ ಕಥೆ ಬರುತ್ತೆ. ಹಗಲೆಲ್ಲ ಹೋಟೆಲಲ್ಲಿ ಕಪ್ಪು ಬಸಿ ತೊಳೆದು, ರಾತ್ರಿ ಕನ್ನಡ ಶಾಲೆಯಲ್ಲಿ ಓದಿ, ಬ್ಯಾಂಕು ಸೇರಿದವರು, ವಕೀಲರಾದವರು. ನಿಜಕ್ಕೂ ದೊಡ್ಡ ಸಾಧನೆ, ಕಡಿಮೆ ಮಾಡಿ ಹೇಳುತ್ತಿಲ್ಲ. ಆದರೆ ಗಮನಿಸಿದ್ದೀರಾ, ಅದು ಹೆಚ್ಚುಕಡಿಮೆ ಪೂರ್ತಿ ಹುಡುಗರ ಕಥೆ. ಹಗಲು ದುಡಿಯುವ ಹುಡುಗನಿಗೆ ರಾತ್ರಿಯಾದರೂ ತನ್ನದಾಗಿತ್ತು. ಮನೆಗೆಲಸದ ಹುಡುಗಿಗೆ ಹಗಲೂ ತನ್ನದಲ್ಲ, ರಾತ್ರಿಯೂ ತನ್ನದಲ್ಲ. ತನ್ನದಾಗಿದ್ದರೂ ರಾತ್ರಿ ಒಂಬತ್ತಕ್ಕೆ ಅವಳನ್ನು ಹೊರಗೆ ಕಳಿಸುವವರು ಯಾರು?

ಈ ಪುಣೆಯಲ್ಲೇ, ಬುಧವಾರ ಪೇಟೆಯ ಭಿಡೆ ವಾಡಾದಲ್ಲಿ, 1848ರಲ್ಲಿ ಸಾವಿತ್ರಿಬಾಯಿ ಮತ್ತು ಜೋತಿಬಾ ಫುಲೆ ಹೆಣ್ಣುಮಕ್ಕಳ ಶಾಲೆ ತೆರೆದರು. ಸಾವಿತ್ರಿಬಾಯಿ ಪಾಠ ಮಾಡಲು ಹೋಗುವಾಗ ಜನ ಕೆಸರು, ಸಗಣಿ ಎರಚುತ್ತಿದ್ದರು, ಅದಕ್ಕೇ ಚೀಲದಲ್ಲಿ ಇನ್ನೊಂದು ಸೀರೆ ಇಟ್ಟುಕೊಂಡು ಹೋಗುತ್ತಿದ್ದರು ಅನ್ನುವುದು ಇಲ್ಲಿ ಮಗುವಿಗೂ ಗೊತ್ತು. ಆಗ ಅಡ್ಡಿಗೆ ಮುಖ ಇತ್ತು. ಸಗಣಿ ಎರಚುವವನು ಕಣ್ಣೆದುರೇ ನಿಂತಿರುತ್ತಿದ್ದ. ಇವತ್ತು ಯಾರೂ ಎರಚುವುದಿಲ್ಲ. ಎಲ್ಲರೂ "ಓದಲಿ, ಓದಲಿ" ಅನ್ನುವವರೇ. ಶೆಡ್ಡಿನ ಅಪ್ಪನೂ ಅದನ್ನೇ ಅನ್ನುತ್ತಾನೆ.

ಮಹಾರಾಷ್ಟ್ರ ಸರ್ಕಾರ 1992ರಲ್ಲಿ ಬಡ ದಲಿತ, ಆದಿವಾಸಿ, ಅಲೆಮಾರಿ ಮನೆಗಳ ಹುಡುಗಿಯರು ಪ್ರಾಥಮಿಕ ಶಾಲೆಗೆ ಬಂದರೆ ದಿನಕ್ಕೆ 1 ರೂಪಾಯಿ ಹಾಜರಿ ಭತ್ತೆ ಅಂತ ಶುರುಮಾಡಿತು. ವರ್ಷಕ್ಕೆ ಹೆಚ್ಚೆಂದರೆ 220 ರೂಪಾಯಿ. ಆಲೋಚನೆ ಸರಿಯಾಗಿಯೇ ಇತ್ತು. ಹುಡುಗಿಯ ಹೊತ್ತಿಗೆ ಬೆಲೆ ಇದೆ ಅಂತ ಒಪ್ಪಿಕೊಂಡ ಯೋಜನೆ ಅದು. ಬೆಲೆ ಕಟ್ಟಿದ್ದು ಮಾತ್ರ ಒಂದು ರೂಪಾಯಿ.

ಹಾಗಂತ ಏನೂ ಕೆಲಸ ಮಾಡಿಲ್ಲ ಅನ್ನಲಾರೆ. ಶಾಲೆಯ ಬಿಸಿಯೂಟ ಮಾಡಿದಷ್ಟು ಕೆಲಸ ಬೇರೆ ಯಾವುದೂ ಮಾಡಿಲ್ಲ ಅಂತ ನನ್ನ ಅನಿಸಿಕೆ. 2001ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಬೇಯಿಸಿದ ಊಟವನ್ನೇ ಕೊಡಬೇಕು ಅಂತ ಆದೇಶಿಸಿತು. ಕರ್ನಾಟಕದ ಅಕ್ಷರ ದಾಸೋಹ 2002ರಲ್ಲಿ ಮೊದಲು ಶುರುವಾಗಿದ್ದು ಕಲಬುರಗಿ ಕಡೆಯ ಈಶಾನ್ಯ ಜಿಲ್ಲೆಗಳಲ್ಲೇ. ಊಟ ಯಾಕೆ ಹುಡುಗಿಗೆ ಹೆಚ್ಚು ಉಪಯೋಗಕ್ಕೆ ಬಂತು? ಮಧ್ಯಾಹ್ನ ಅವಳು ಮನೆಗೆ ಬಂದು ತನಗೂ ತಮ್ಮ ತಂಗಿಯರಿಗೂ ಬೇಯಿಸಬೇಕಿತ್ತು. ಮಧ್ಯಾಹ್ನ ಮನೆಗೆ ಬಂದವಳು ಮತ್ತೆ ಶಾಲೆಗೆ ಹೋಗುತ್ತಿರಲಿಲ್ಲ. ಊಟ ಶಾಲೆಯಲ್ಲೇ ಸಿಕ್ಕಾಗ ಅವಳ ಎರಡು ತಾಸು ಉಳಿಯಿತು. ಇಲ್ಲೂ ಹೊತ್ತಿನ ಲೆಕ್ಕವೇ.

2004ರಲ್ಲಿ ಬಂದ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯಗಳು ಕೂಡ ಒಳ್ಳೆಯವೇ. ಅಲ್ಲೇ ಉಳಿದು ಓದಬಹುದು, ಅಪ್ಪ ಅವ್ವ ಗುಳೆ ಹೋದರೂ ಓದು ನಿಲ್ಲುವುದಿಲ್ಲ. ಆದರೆ ಅವು ಆರನೇ ತರಗತಿಯಿಂದ. ಕರ್ನಾಟಕದ ಸೈಕಲ್ ಬರುತ್ತಿದ್ದುದು ಎಂಟನೇ ತರಗತಿಗೆ. ಅಲ್ಲಿಯವರೆಗೆ ಬಂದ ಹುಡುಗಿ ಅರ್ಧ ಗೆದ್ದವಳು. ನಮ್ಮ ಸೈಟಿನ ಹುಡುಗಿಗೆ ತೊಡಕು ಬಂದಿದ್ದು ಎರಡನೇ ತರಗತಿಯಲ್ಲಿ, ತಮ್ಮ ಹುಟ್ಟಿದ ವರ್ಷ.

ಪುಣೆ, ಮುಂಬಯಿಯ ಸೈಟುಗಳಲ್ಲಿ ಇದನ್ನು ಅರ್ಥ ಮಾಡಿಕೊಂಡು ಕೆಲಸ ಮಾಡಿದವರೂ ಇದ್ದಾರೆ. 1988ರಲ್ಲಿ ಮುಂಬಯಿಯಲ್ಲಿ ಶುರುವಾಗಿ ಆಮೇಲೆ ಪುಣೆಗೂ ಬಂದ ಡೋರ್ ಸ್ಟೆಪ್ ಸ್ಕೂಲ್ ಸಂಸ್ಥೆ ಸೈಟಿಗೇ ಪಾಠ ತಂದಿತು, ಬಸ್ಸಿನೊಳಗೆ ತರಗತಿ ಮಾಡಿತು. ಸೈಟಿಂದ ಸೈಟಿಗೆ ಹೋಗುವ ಮೊಬೈಲ್ ಕ್ರೆಶ್ ಅನ್ನುವ ಕಲ್ಪನೆ 1969ರಲ್ಲಿ ದೆಹಲಿಯ ಕಟ್ಟಡದ ಸೈಟೊಂದರಲ್ಲಿ ಹುಟ್ಟಿ ಇಲ್ಲಿಗೂ ಬಂತು. ಕೂಸಿಗೆ ಜೋಳಿಗೆ, ಅಕ್ಕನಿಗೆ ಪಾಠ, ಎರಡೂ ಒಂದೇ ಶೆಡ್ಡಿನಲ್ಲಿ. ಯಾವ ಸೈಟಿನ ಬಿಲ್ಡರು ಜಾಗ ಕೊಡುತ್ತಾನೋ ಅಲ್ಲಿ ನಡೆಯುತ್ತೆ. ಬಿಲ್ಡಿಂಗು ಮುಗಿದ ದಿನ ಕ್ರೆಶ್ಶೂ ಮುಗಿಯುತ್ತೆ.

ನಮ್ಮ ಹಿಂದಿನ ಸೈಟಿನಲ್ಲಿ ಅದೂ ಇರಲಿಲ್ಲ. ಕೊನೆಗೆ ಕಾನೂನಿನ ಆ ಐದು ಸೆಕ್ಷನ್ನುಗಳನ್ನು ಮರಾಠಿಯಲ್ಲಿ ಬರೆದುಕೊಂಡು ಗೋಡೆಯಾಚೆಯ ಶಾಲೆಗೆ ಹೋದೆವು. ಚೀಟಿ ತೆಗೆಯುವ ಪ್ರಸಂಗವೇ ಬರಲಿಲ್ಲ. ಅಲ್ಲಿನ ಬಾಯಿ ಟೀಚರು ಹುಡುಗಿಯನ್ನು ನೋಡಿದರು, ಬಗಲಲ್ಲಿದ್ದ ಕೂಸನ್ನು ನೋಡಿದರು, "ಇವನನ್ನೂ ಕರೆದುಕೊಂಡು ಬಾ" ಅಂದರು. ಆ ಮಳೆಗಾಲವಿಡೀ ಮೂರನೇ ತರಗತಿಯ ಹಿಂದಿನ ಮೂಲೆಯಲ್ಲಿ, ಮಡಿಸಿದ ಚಾಪೆಯ ಮೇಲೆ ಒಂದು ಕೂಸು ಮಲಗಿರುತ್ತಿತ್ತು. ಅದು ನಿಯಮದಲ್ಲಿ ಇಲ್ಲ. ಮೇಲಿನವರು ನೋಡಿದ್ದರೆ ಟೀಚರಿಗೆ ನೋಟಿಸು ಬರುತ್ತಿತ್ತೋ ಏನೋ.

ದಸರಾ ಕಳೆದು ಸ್ಲ್ಯಾಬ್ ಕೆಲಸ ಮುಗಿಯಿತು. ಮುಕಾದಮ ಅವರನ್ನೆಲ್ಲ ರಾವೇತ್ ಕಡೆಯ ಇನ್ನೊಂದು ಸೈಟಿಗೆ ಸಾಗಿಸಿದ. ಎರಡು ದಿನ ಬಿಟ್ಟು ಹುಡುಗಿಯ ಅವ್ವ ಫೋನ್ ಮಾಡಿದಳು.

"ಅಕ್ಕಾರ, ಇಲ್ಲಿ ಕೂಸು ನೋಡೋರು ಯಾರರ ಅದಾರೇನ್ರಿ?"

ವಿಚಾರಿಸಿ ಹೇಳುತ್ತೇನೆ ಅಂದೆ. ಫೋನ್ ಇಡುವ ಮುಂಚೆ, ನೆನಪಾದವಳ ಹಾಗೆ, "ಸಾಲಿ ಎಲ್ಲೈತಿ ಅದನ್ನೂ ಕೇಳ್ರಿ" ಅಂದಳು.